ಯಾವ ಸಿಸ್ಟಂ ಮುಂದೆ ಕೂತರೂ

ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಏನು ಅಂತ ಯಾರಾದರೂ ಕೇಳಿದರೆ, ನಿನ್ನೆ ಮಾಡಿಟ್ಟದ್ದು ಇವತ್ತು ಸಿಗಬೇಕು ಅನ್ನುತ್ತೇನೆ. ಇಂಟರ್ನೆಟ್ಟು, ಪ್ರೊಜೆಕ್ಟರು, ಹೊಸ ಸಾಫ್ಟ್‌ವೇರು ಎಲ್ಲ ಆಮೇಲಿನ ಮಾತು. 2012ರಿಂದ ಕೆಲವು ವರ್ಷ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಪ್ರೌಢಶಾಲೆಗಳಿಗೆ ಲಿನಕ್ಸ್ ಸರ್ವರ್ ಹಾಕಿಕೊಡುತ್ತ, ಅದು ಕೈಕೊಟ್ಟಾಗ ಸರಿಮಾಡುತ್ತ ಓಡಾಡಿದೆ. ಆ ಓಡಾಟದಲ್ಲಿ ಕಂಡದ್ದೆಲ್ಲ ಸುತ್ತಿ ಬಳಸಿ ಈ ಒಂದು ಮಾತಿಗೇ ಬಂದು ನಿಲ್ಲುತ್ತದೆ.

ಆಗಿನ ಲ್ಯಾಬುಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತೋ ಹನ್ನೆರಡೋ ಸಿಸ್ಟಂ, ಅದರಲ್ಲಿ ಒಂದೆರಡು ಯಾವಾಗಲೂ ಮಲಗಿರುತ್ತಿದ್ದವು. ಒಂದೊಂದರ ಮುಂದೆ ಮೂರು ಮಕ್ಕಳು, ಕೆಲವು ಕಡೆ ನಾಲ್ಕು. ವಾರಕ್ಕೊಂದು ಪೀರಿಯಡ್ಡು. ಈ ವಾರ ಕಿಟಕಿ ಪಕ್ಕದ ಸಿಸ್ಟಂ ಸಿಕ್ಕಿದ ಮಗುವಿಗೆ ಮುಂದಿನ ವಾರ ಬಾಗಿಲ ಪಕ್ಕದ್ದು. ಹೋದ ವಾರ ಬಿಡಿಸಿದ ಚಿತ್ರ, ಟೈಪು ಮಾಡಿದ ನಾಲ್ಕು ಸಾಲು ಕಿಟಕಿ ಪಕ್ಕದ ಡೆಸ್ಕ್‌ಟಾಪಿನಲ್ಲೇ ಉಳಿದಿರುತ್ತಿತ್ತು. ಅಲ್ಲಿ ಈಗ ಬೇರೆ ಯಾರೋ ಕೂತು ಅದನ್ನು ತೆರೆದು, ತಿದ್ದಿ, ಕೊನೆಗೆ ಅಳಿಸಿಯೇ ಹಾಕಿರುತ್ತಿದ್ದರು. ಜಾಣ ಮಕ್ಕಳು ಫೋಲ್ಡರಿನೊಳಗೆ ಫೋಲ್ಡರು ಮಾಡಿ ಬಚ್ಚಿಡುತ್ತಿದ್ದರು. ಮಿಕ್ಕವರು ಎರಡು ಮೂರು ಸಲ ಕಳೆದುಕೊಂಡ ಮೇಲೆ ಏನನ್ನೂ ಸೇವ್ ಮಾಡುವ ಗೋಜಿಗೇ ಹೋಗುತ್ತಿರಲಿಲ್ಲ. ಪೀರಿಯಡ್ ಮುಗಿಯುವವರೆಗೆ ಏನಾದರೂ ಒತ್ತುತ್ತಿದ್ದರು, ಬೆಲ್ ಹೊಡೆದರೆ ಎದ್ದು ಹೋಗುತ್ತಿದ್ದರು. ಬರೆದದ್ದು ಉಳಿಯುವುದಿಲ್ಲ ಎಂದು ಗೊತ್ತಾದ ಮಗು ಮನಸ್ಸಿಟ್ಟು ಬರೆಯುವುದಾದರೂ ಯಾಕೆ?

ಕಂಪ್ಯೂಟರುಗಳು ಬಂದದ್ದು ಸರ್ಕಾರದ ಯೋಜನೆಗಳಲ್ಲಿ. 2001ರ ಹೊತ್ತಿಗೆ ರಾಜ್ಯದಲ್ಲಿ ಮಾಹಿತಿ ಸಿಂಧು ಯೋಜನೆ ಇತ್ತು. 2004ರ ಡಿಸೆಂಬರಿನಲ್ಲಿ ಕೇಂದ್ರದ ಐಸಿಟಿ ಯೋಜನೆ ಶುರುವಾಯಿತು. ಖಾಸಗಿ ಏಜೆನ್ಸಿ ಲ್ಯಾಬು ಕಟ್ಟಿ, ಕೆಲವು ವರ್ಷ ನಡೆಸಿ, ಆಮೇಲೆ ಶಾಲೆಗೆ ಬಿಟ್ಟುಕೊಡಬೇಕು ಎಂಬ ಕರಾರು. ಬಿಟ್ಟುಕೊಡುವ ದಿನ ಬರುವ ಹೊತ್ತಿಗೆ ಯುಪಿಎಸ್ ಬ್ಯಾಟರಿ ಊದಿಕೊಂಡಿರುತ್ತಿತ್ತು, ಪಾಠ ಹೇಳುತ್ತಿದ್ದ ಹುಡುಗ ಬೇರೆ ಕೆಲಸಕ್ಕೆ ಸೇರಿರುತ್ತಿದ್ದ, ಪಾಸ್‌ವರ್ಡುಗಳು ಅವನ ಜೊತೆಯಲ್ಲೇ ಹೋಗಿರುತ್ತಿದ್ದವು. ಶಾಲೆಯ ಗಣಿತ, ವಿಜ್ಞಾನದ ಮೇಷ್ಟ್ರುಗಳಿಗೆ ಲ್ಯಾಬಿನ ಬೀಗದ ಕೈ ಮಾತ್ರ ಉಳಿಯುತ್ತಿತ್ತು. 2011ರಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಆರಂಭಿಸಿದಾಗ ಆ ಮೇಷ್ಟ್ರುಗಳೇ ಉಬುಂಟು ಕಲಿತರು, ಜಿಯೋಜೀಬ್ರಾದಲ್ಲಿ ವೃತ್ತ ಎಳೆದರು, ಪಾಠಗಳನ್ನು ತಾವೇ ಬರೆದು ಹಂಚಿಕೊಂಡರು. ನನ್ನ ಕೆಲಸಕ್ಕೆ ನೆಲ ಸಿಕ್ಕಿದ್ದು ಅದರಿಂದ. ಲ್ಯಾಬು ತಮ್ಮದು ಅನ್ನುವ ಶಿಕ್ಷಕರು ಇಲ್ಲದ ಶಾಲೆಯಲ್ಲಿ ಎಂಥ ಸರ್ವರ್ ಕೂರಿಸಿದರೂ ಅದು ಆರು ತಿಂಗಳು ಬಾಳುವುದಿಲ್ಲ.

ನಾವು ಮಾಡಬೇಕಿದ್ದದ್ದು ಹೇಳುವುದಕ್ಕೆ ಸುಲಭ. ಮಕ್ಕಳ ಫೈಲುಗಳೆಲ್ಲ ಒಂದು ಸರ್ವರಿನಲ್ಲಿ ಇರಬೇಕು. ಪ್ರತಿ ಮಗುವಿಗೂ ಅದರಲ್ಲಿ ತನ್ನದೇ ಹೋಮ್ ಫೋಲ್ಡರು. ಮಗು ಯಾವ ಸಿಸ್ಟಂ ಮುಂದೆ ಕೂತು ತನ್ನ ಹೆಸರು, ಪಾಸ್‌ವರ್ಡು ಕೊಟ್ಟರೂ ಆ ಫೋಲ್ಡರು ನೆಟ್‌ವರ್ಕಿನ ಮೂಲಕ ಅಲ್ಲಿಗೆ ಬಂದು ಕೂರಬೇಕು. ಹಾಗೆ ಬಂದು ಕೂರುವುದಕ್ಕೇ ಮೌಂಟ್ ಆಗುವುದು ಅನ್ನುತ್ತಾರೆ. ಇದೇನೂ ಹೊಸ ಆಸೆಯಲ್ಲ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆ ಬಯಸಿದ್ದೂ ಇದನ್ನೇ: ಕ್ಯಾಂಪಸ್ಸಿನ ಯಾವ ಕಂಪ್ಯೂಟರಿನ ಮುಂದೆ ಕೂತರೂ ವಿದ್ಯಾರ್ಥಿಗೆ ತನ್ನ ಕೆಲಸ ಸಿಗಬೇಕು. ಲಾಗಿನ್ ಆಗುವವರು ಯಾರೆಂದು ಪರೀಕ್ಷಿಸುವ ಕೆರ್ಬೆರೋಸ್ ಹುಟ್ಟಿದ್ದು ಅಲ್ಲಿ. ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಹಂಚುವ ಎನ್‌ಎಫ್‌ಎಸ್ ಅನ್ನು ಸನ್ ಕಂಪನಿ 1984ರಲ್ಲಿ ತಂದಿತು. ಇವನ್ನೆಲ್ಲ ಶಾಲೆಗೆ ಹೊಂದುವ ಹಾಗೆ ಒಂದು ಡಿವಿಡಿಯಲ್ಲಿ ಕಟ್ಟಿಕೊಟ್ಟವರು ನಾರ್ವೆಯವರು. 2001ರಲ್ಲಿ ಅಲ್ಲಿ ಶುರುವಾದ ಸ್ಕೋಲೆಲಿನಕ್ಸ್ ಮುಂದೆ ಡೆಬಿಯನ್ ಲಿನಕ್ಸಿನ ಡೆಬಿಯನ್ ಎಜು ಜೊತೆ ಒಂದಾಯಿತು. ಮಾತಿನಲ್ಲಿ ಇಷ್ಟು ಸುಲಭವಾದದ್ದು ನೆಲಕ್ಕೆ ಇಳಿಯುವಾಗ ಎಷ್ಟು ಕಡೆ ಎಡವುತ್ತದೆ ಅನ್ನುವುದು ಈ ನಾಲ್ಕು ಊರುಗಳಲ್ಲಿ ಗೊತ್ತಾಯಿತು.

ಚಿಕ್ಕಬಳ್ಳಾಪುರದ ಒಂದು ಶಾಲೆಯಲ್ಲಿ ಡೆಬಿಯನ್ ಎಜು ಹಾಕಿದೆವು. ಅದರಲ್ಲಿ ಮುಖ್ಯ ಸರ್ವರಿನ ವಿಳಾಸವನ್ನು ಮೊದಲೇ ಗೊತ್ತುಮಾಡಿಟ್ಟಿದ್ದಾರೆ, 10.0.2.2. ಹೊರಗಿನ ಇಂಟರ್ನೆಟ್ಟಿಗೆ ದಾರಿ ಬಿಡುವ ರೂಟರು 10.0.0.1ರಲ್ಲೇ ಇರಬೇಕು. ಇನ್‌ಸ್ಟಾಲ್ ಏನೂ ತಕರಾರಿಲ್ಲದೆ ಮುಗಿಯಿತು. ಲಾಗಿನ್ ಆಯಿತು, ಫೋಲ್ಡರು ಬಂತು, ಮಕ್ಕಳು ಹೋ ಎಂದರು. ವಾರ ಕಳೆಯುವಷ್ಟರಲ್ಲಿ ಹೆಡ್‌ಮೇಷ್ಟ್ರ ಫೋನು. ‘ಆರನೇ ನಂಬರು ಸಿಸ್ಟಂ ಕೆಟ್ಟಿದೆ ಸಾರ್. ನಿನ್ನೆ ಎರಡನೆಯದು ಕೆಟ್ಟಿತ್ತು, ಇವತ್ತು ಅದು ಸರಿಹೋಗಿದೆ.’ ಹೀಗೆ ಜಾಗ ಬದಲಾಯಿಸುವ ತೊಂದರೆ ಸಿಸ್ಟಮ್ಮಿನದಾಗಿರಲಾರದು. ಹೋಗಿ ಆರನೇ ಸಿಸ್ಟಂ ಪಡೆದಿದ್ದ ವಿಳಾಸ ನೋಡಿದರೆ 192.168ರಿಂದ ಶುರುವಾಗಿತ್ತು. ಆ ವಿಳಾಸ ನಮ್ಮ ಸರ್ವರ್ ಕೊಟ್ಟದ್ದಲ್ಲ.

ಕೊಟ್ಟದ್ದು ಹೆಡ್‌ಮೇಷ್ಟ್ರ ಕೋಣೆಯಲ್ಲಿದ್ದ ಬ್ರಾಡ್‌ಬ್ಯಾಂಡ್ ಮೋಡೆಮ್ಮು. ಲ್ಯಾಬಿಗೂ ಇಂಟರ್ನೆಟ್ ಬರಲಿ ಅಂತ ಯಾರೋ ಒಳ್ಳೆಯ ಮನಸ್ಸಿನಿಂದ ಅಲ್ಲಿಂದ ಒಂದು ಕೇಬಲ್ ಎಳೆದು ಲ್ಯಾಬಿನ ಸ್ವಿಚ್ಚಿಗೆ ಸಿಕ್ಕಿಸಿದ್ದರು. ಆ ಮೋಡೆಮ್ಮಿಗೂ ಕೇಳಿದವರಿಗೆಲ್ಲ ವಿಳಾಸ ಹಂಚುವ ಸ್ವಭಾವ ಇರುತ್ತದೆ. ಬೆಳಿಗ್ಗೆ ಸಿಸ್ಟಂಗಳು ಎದ್ದು ‘ನನಗೊಂದು ವಿಳಾಸ ಕೊಡಿ’ ಎಂದು ಕೇಳಿದಾಗ ಸರ್ವರ್ ಮೊದಲು ಉತ್ತರಿಸಿದರೆ ಎಲ್ಲ ಸರಿ. ಮೋಡೆಮ್ ಮೊದಲು ಉತ್ತರಿಸಿತೋ, ಆ ಸಿಸ್ಟಮ್ಮಿಗೆ ಸರ್ವರ್ ಎಲ್ಲಿದೆ ಅನ್ನುವುದೇ ತಿಳಿಯದು, ಅದರ ಮುಂದೆ ಕೂತ ಮಗುವಿಗೆ ಪಾಸ್‌ವರ್ಡ್ ತಪ್ಪು ಎಂಬ ಉತ್ತರ. ಮೋಡೆಮ್ಮಿನೊಳಗೆ ಹೋಗಿ ವಿಳಾಸ ಹಂಚುವುದನ್ನು ನಿಲ್ಲಿಸಿ, ಅದಕ್ಕೆ 10.0.0.1 ಎಂಬ ವಿಳಾಸ ಕೊಟ್ಟೆವು. ಅಲ್ಲಿಗೆ ಆ ಶಾಲೆಯ ಗೋಳು ಮುಗಿಯಿತು.

ಶಿಡ್ಲಘಟ್ಟದ್ದು ಹಾಗೆ ಮುಗಿಯಲಿಲ್ಲ, ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಊರಿಗೆ ಊರೇ ರೇಷ್ಮೆಯದು. ಬೆಳಿಗ್ಗೆ ಬಸ್ಸಿಳಿದರೆ ಗೂಡಿನ ಮಾರುಕಟ್ಟೆ ಕಡೆ ಚೀಲ ಹೊತ್ತ ರೈತರು, ಹರಾಜಿಗೆ ಹೊರಟ ರೀಲರುಗಳು, ನೂಲು ಬಿಚ್ಚುವ ಮನೆಗಳಿಂದ ಬೆಂದ ಗೂಡಿನ ವಾಸನೆ. ನಾನು ಹೋಗುತ್ತಿದ್ದ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಹುಳ ಸಾಕುವ ಮನೆಯವರು, ಇಲ್ಲವೇ ನೂಲು ಬಿಚ್ಚುವ ಕೆಲಸಕ್ಕೆ ಹೋಗುವ ಅಮ್ಮಂದಿರ ಮಕ್ಕಳು. ಹಲವರಿಗೆ ಮನೆಯಲ್ಲಿ ತೆಲುಗು, ಕೆಲವರಿಗೆ ಉರ್ದು, ಶಾಲೆಯಲ್ಲಿ ಕನ್ನಡ. ಗಣಿತ ಹೇಳುತ್ತಿದ್ದ ಮೇಡಂ ಲ್ಯಾಬನ್ನೂ ನೋಡಿಕೊಳ್ಳುತ್ತಿದ್ದರು. ಒಂಬತ್ತನೇ ಕ್ಲಾಸಿಗೆ ಅವರು ನಿಮ್ಮ ಮನೆಯ ಕಸುಬಿನ ಬಗ್ಗೆ ಬರೆಯಿರಿ ಎಂದು ಹೇಳಿದ್ದರು. ಒಂದೇ ದಿನದಲ್ಲಿ ಬರೆದು ಮುಗಿಸುವಂತಿರಲಿಲ್ಲ. ವಾರವಾರವೂ ಸ್ವಲ್ಪ ಸೇರಿಸುತ್ತ ಹೋಗಬೇಕು, ಮನೆಯಲ್ಲಿ ಕೇಳಿಕೊಂಡು ಬರಬೇಕು, ಲೆಕ್ಕ ಹಾಕಬೇಕು. ಎಷ್ಟು ಮೊಟ್ಟೆಗೆ ಎಷ್ಟು ಸೊಪ್ಪು, ಎಷ್ಟು ಗೂಡಿಗೆ ಎಷ್ಟು ನೂಲು ಅನ್ನುವುದನ್ನು ಕ್ಯಾಲ್ಕ್ ಹಾಳೆಯಲ್ಲಿ ಇಟ್ಟುಕೊಂಡು ಬರವಣಿಗೆಯನ್ನು ರೈಟರಿನಲ್ಲಿ ಬೆಳೆಸಬೇಕು. ಇಷ್ಟು ಚೆನ್ನಾದ ಪಾಠವನ್ನು ನಾನು ಬೇರೆ ಲ್ಯಾಬುಗಳಲ್ಲಿ ಕಂಡದ್ದು ಕಡಿಮೆ.

ಅಲ್ಲಿ ಇದ್ದದ್ದು ಡೆಬಿಯನ್ ಎಜು ಅಲ್ಲ. ಹಳೆಯ ಒಂದು ಮಷೀನಿಗೆ ಸಾದಾ ಡೆಬಿಯನ್ ಹಾಕಿ, ಮಕ್ಕಳ ಹೆಸರುಗಳಿಗೆ ಎಲ್‌ಡ್ಯಾಪ್, ಫೋಲ್ಡರಿಗೆ ಎನ್‌ಎಫ್‌ಎಸ್ ಎಂದು ನನಗಿಂತ ಮೊದಲಿನವರು ಕೈಯಾರೆ ಕಟ್ಟಿದ್ದರು. ಮಕ್ಕಳು ಕೂರುವ ಸಿಸ್ಟಂಗಳಲ್ಲಿ ಉಬುಂಟು 12.04. ಸರ್ವರಿನ ಹೋಮ್ ಫೋಲ್ಡರನ್ನು ಬೂಟ್ ಆಗುವಾಗಲೇ ತಂದು ಕೂರಿಸಿಕೊ ಎಂದು ಪ್ರತಿ ಸಿಸ್ಟಮ್ಮಿನ ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ಒಂದು ಸಾಲು ಬರೆದಿತ್ತು. ತಿಂಗಳುಗಟ್ಟಲೆ ಚೆನ್ನಾಗಿ ನಡೆದಿತ್ತಂತೆ. ಆಮೇಲೆ ಮೇಡಂ ಫೋನು ಮಾಡಿದರು.

‘ಮಕ್ಕಳು ಬರೆದದ್ದು ಮಾಯ ಆಗ್ತಾ ಇದೆ ಸಾರ್. ಎಲ್ಲರದ್ದೂ ಅಲ್ಲ, ಯಾವಾಗಲೂ ಅಲ್ಲ. ಸೇವ್ ಮಾಡಿಲ್ಲ ಅಂತ ಮೊದಲು ನಾನೂ ಬೈದೆ. ಆದರೆ ಸುಳ್ಳು ಹೇಳೋ ಮಕ್ಕಳಲ್ಲ ಇವರು.’

ಹೋದಾಗ ಒಬ್ಬಳು ಹುಡುಗಿಯನ್ನು ಕರೆದು ಕೂರಿಸಿದರು. ಅವಳ ಬರಹದ ಮೊದಲ ಎರಡು ಪುಟ ಇತ್ತು. ಚಾಕಿ ಎಂಬ ಎಳೆಯ ಹುಳ, ಅದು ಪೊರೆ ಬಿಡುವ ಮೊದಲ ಜ್ವರ, ಎರಡನೇ ಜ್ವರ, ಅಲ್ಲಿಗೆ ನಿಂತಿತ್ತು. ‘ನಾಲ್ಕು ಜ್ವರಾನೂ ಬರೆದಿದ್ದೆ ಅಣ್ಣ. ಹಣ್ಣಾದ ಹುಳಾನ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡೋದೂ ಬರೆದಿದ್ದೆ. ನಮ್ಮಮ್ಮಂಗೆ ರಾತ್ರಿ ಕೇಳ್ಕೊಂಡು ಬಂದಿದ್ದೆ.’ ಅವಳು ಹೇಳಿದ ದಿನ ಲ್ಯಾಬ್ ನಡೆದದ್ದು ಮೇಡಂ ಅವರ ಪುಸ್ತಕದಲ್ಲಿ ಇತ್ತು. ಸರ್ವರಿನಲ್ಲಿ ನೋಡಿದರೆ ಅವಳ ಫೋಲ್ಡರಿನಲ್ಲಿ ಆ ದಿನದ ತಾರೀಕಿನ ಒಂದು ಫೈಲೂ ಇಲ್ಲ. ಅಳಿಸಿದ ಗುರುತೂ ಇಲ್ಲ. ಲಾಗ್ ಪ್ರಕಾರ ಅವಳು ಲಾಗಿನ್ ಆಗಿದ್ದಂತೂ ನಿಜ. ಹಾಗಾದರೆ ಆ ಮುಕ್ಕಾಲು ಗಂಟೆ ಅವಳು ಬರೆದದ್ದು ಎಲ್ಲಿಗೆ ಹೋಯಿತು?

ಸುಳಿವು ಸಿಕ್ಕಿದ್ದು ಬೇರೆ ಯಾವುದೋ ಕೆಲಸ ಮಾಡುತ್ತಿದ್ದಾಗ. ಅವಳು ಕೂತಿದ್ದ ಸಿಸ್ಟಮ್ಮಿನಲ್ಲಿ ಹಾರ್ಡ್‌ಡಿಸ್ಕ್ ಎಷ್ಟು ತುಂಬಿದೆ ಅಂತ ನೋಡಿದೆ. ಒಟ್ಟು ಎಷ್ಟು ಬಳಕೆಯಾಗಿದೆ ಎಂದು ಡಿಸ್ಕನ್ನೇ ಕೇಳುವ ಕಮ್ಯಾಂಡು ಒಂದು, ಡಿಎಫ್. ಒಂದೊಂದೇ ಫೋಲ್ಡರಿಗೆ ಹೊಕ್ಕು ಎಣಿಸಿ ಕೂಡಿಸುವುದು ಇನ್ನೊಂದು, ಡಿಯು. ಎರಡರ ಲೆಕ್ಕವೂ ಹತ್ತಿರ ಹತ್ತಿರ ಇರಬೇಕು. ಇಲ್ಲಿ ಡಿಸ್ಕ್ ಹೇಳಿದ್ದು ಹೆಚ್ಚು, ಎಣಿಸಿ ಸಿಕ್ಕಿದ್ದು ಕಡಿಮೆ. ಅಂದರೆ ಎಣಿಸುವವರ ಕಣ್ಣಿಗೆ ಬೀಳದ ಜಾಗದಲ್ಲಿ ಫೈಲುಗಳಿವೆ. ಹಾಗೆ ಕಾಣದಂತೆ ಇರಲು ಸಾಧ್ಯವಾಗುವ ಜಾಗ ಇದ್ದದ್ದು ಒಂದೇ, ಮೌಂಟ್ ಆದ ಫೋಲ್ಡರಿನ ಅಡಿ.

ಲಿನಕ್ಸಿನಲ್ಲಿ ಮೌಂಟ್ ಮಾಡಬೇಕಾದರೆ ಸಿಸ್ಟಮ್ಮಿನಲ್ಲಿ ಮೊದಲೇ ಒಂದು ಫೋಲ್ಡರು ಇರಬೇಕು. ಸರ್ವರಿನ ಫೋಲ್ಡರು ಬಂದು ಅದರ ಮೇಲೆ ಕೂರುತ್ತದೆ. ಅಡಿಯ ಫೋಲ್ಡರಿನಲ್ಲಿ ಮೊದಲೇ ಏನಾದರೂ ಇದ್ದರೆ ಅದು ಅಳಿಸಿಹೋಗುವುದಿಲ್ಲ, ನೆಲದ ಮೇಲೆ ಬಿದ್ದ ಕಾಗದದ ಮೇಲೆ ಚಾಪೆ ಹಾಸಿದ ಹಾಗೆ ಮುಚ್ಚಿಹೋಗುತ್ತದೆ. ಮೌಂಟ್ ತೆಗೆಯುವವರೆಗೂ ಯಾರಿಗೂ ಕಾಣುವುದಿಲ್ಲ. ಅದರ ಅಡಿಗೆ ಇಣುಕಲು ಮೌಂಟ್ ಬೈಂಡ್ ಎಂಬ ಒಂದು ದಾರಿ ಇದೆ. ಡಿಸ್ಕಿನ ಬುಡವನ್ನೇ ಬೇರೆ ಕಡೆ ಇನ್ನೊಂದು ಸಲ ತೆರೆದು ನೋಡುವುದು. ಹಾಗೆ ತೆರೆದಾಗ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಫೋಲ್ಡರುಗಳು ಅಲ್ಲಿ ಸಾಲಾಗಿ ಇದ್ದವು. ಆ ಹುಡುಗಿಯದೂ ಇತ್ತು. ಫೈಲಿನ ಹೆಸರು ಕನ್ನಡದಲ್ಲೇ, ‘ನಮ್ಮ ಮನೆಯ ಹುಳ’. ಮೇಡಂ ಅವಳನ್ನು ಕ್ಲಾಸಿನಿಂದ ಕರೆಸಿದರು. ಅವಳು ನಿಂತುಕೊಂಡೇ ಮೂರನೇ ಜ್ವರದಿಂದ ಓದತೊಡಗಿದಳು.

ಆದದ್ದೇನು ಎಂದು ತಾರೀಕುಗಳೇ ಹೇಳಿದವು. ಅಡಿಯಲ್ಲಿ ಸಿಕ್ಕಿದ ಫೈಲುಗಳೆಲ್ಲ ಕೆಲವೇ ಕೆಲವು ಬೆಳಗ್ಗೆಗಳವು, ಎಲ್ಲವೂ ಕರೆಂಟು ಹೋಗಿ ಬಂದ ಮೇಲಿನವು. ಕರೆಂಟು ಬಂದ ಕೂಡಲೇ ಸರ್ವರೂ ಸಿಸ್ಟಂಗಳೂ ಒಟ್ಟಿಗೆ ಎದ್ದು ಹೊರಡುತ್ತಿದ್ದವು. ಸರ್ವರಿನ ದೊಡ್ಡ ಡಿಸ್ಕು ಇಷ್ಟು ಸಲ ಮೌಂಟ್ ಆದ ಮೇಲೆ ಒಮ್ಮೆ ಪೂರ್ತಿ ತಪಾಸಣೆ ಮಾಡಿಕೊಳ್ಳುವ ಹಾಗೆ ಇತ್ತು, ಅದಕ್ಕೆ ಬಹಳ ಹೊತ್ತು ಬೇಕಿತ್ತು. ಅಂಥ ದಿನ ಸಿಸ್ಟಂಗಳು ಮೊದಲೇ ಎದ್ದು, ಸರ್ವರಿನ ಫೋಲ್ಡರು ಸಿಗದೆ, ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತಿದ್ದವು. ಮಕ್ಕಳು ಬಂದು ಕೂರುವಷ್ಟರಲ್ಲಿ ಸರ್ವರ್ ಎದ್ದಿರುತ್ತಿತ್ತು, ಹಾಗಾಗಿ ಲಾಗಿನ್ ಮಾತ್ರ ಸರಾಗವಾಗಿ ಆಗುತ್ತಿತ್ತು. ಹೋಮ್ ಫೋಲ್ಡರು ಕಾಣದಿದ್ದರೆ ಹೊಸದೊಂದನ್ನು ಮಾಡಿಕೊಡು ಎಂಬ ಸೌಲಭ್ಯವನ್ನೂ ಆ ಸಿಸ್ಟಂಗಳಲ್ಲಿ ಯಾರೋ ಹಾಕಿಟ್ಟಿದ್ದರು. ಅದು ಸಿಸ್ಟಮ್ಮಿನ ಸ್ವಂತ ಡಿಸ್ಕಿನಲ್ಲೇ ಖಾಲಿ ಫೋಲ್ಡರು ಮಾಡಿಕೊಡುತ್ತಿತ್ತು. ಮಗು ಹಳೆಯದು ಕಾಣದೆ ಹೊಸ ಫೈಲಿನಲ್ಲಿ ಮುಂದಿನ ಭಾಗ ಬರೆದು, ಸೇವ್ ಮಾಡಿ ಹೋಗುತ್ತಿತ್ತು. ಮರುದಿನ ಎಲ್ಲ ಸರಿಯಾಗಿ ಎದ್ದು, ಸರ್ವರಿನ ಫೋಲ್ಡರು ಬಂದು ಅದರ ಮೇಲೆ ಕೂರುತ್ತಿತ್ತು.

ಅದರಲ್ಲಿ ಯಾವ ಭಾಗವೂ ಕೆಟ್ಟಿರಲಿಲ್ಲ. ಡಿಸ್ಕು, ಕೇಬಲ್ಲು, ಸರ್ವರ್ ಎಲ್ಲ ತಂತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದವು. ಎದ್ದ ಸರದಿ ಹೆಚ್ಚುಕಡಿಮೆಯಾದದ್ದು ಮಾತ್ರ. ನನಗೆ ಅದಕ್ಕಿಂತ ಕಾಡಿದ್ದು, ಇಂಥ ಕಡೆ ಯಂತ್ರದ ಮಾತಿಗೂ ಮಗುವಿನ ಮಾತಿಗೂ ನಾವು ಕೊಡುವ ಬೆಲೆ. ಸರ್ವರಿನಲ್ಲಿ ಫೈಲಿಲ್ಲ, ಆದ್ದರಿಂದ ಮಗು ಬರೆದಿಲ್ಲ ಅನ್ನುವುದು ಎಷ್ಟು ಬೇಗ ನಾಲಿಗೆಗೆ ಬರುತ್ತದೆ! ಮೇಡಂ ಮಕ್ಕಳನ್ನು ನಂಬಿ ಫೋನು ಮಾಡದೇ ಇದ್ದಿದ್ದರೆ ಆ ಬರಹಗಳು ಡಿಸ್ಕನ್ನು ಗುಜರಿಗೆ ಹಾಕುವವರೆಗೂ ಅಲ್ಲೇ ಇರುತ್ತಿದ್ದವು.

ಎಲ್ಲ ಸಿಸ್ಟಂಗಳ ಅಡಿಯಲ್ಲೂ ಹುಡುಕಿ, ಸಿಕ್ಕಿದ್ದನ್ನು ಸರ್ವರಿಗೆ ಸೇರಿಸಿದೆವು. ಒಂದೇ ಹೆಸರಿನ ಎರಡು ಫೈಲು ಇದ್ದಲ್ಲಿ ಎರಡನ್ನೂ ಇಟ್ಟು, ಯಾವುದು ಬೇಕೆನ್ನುವುದನ್ನು ಬರೆದ ಮಗುವಿಗೇ ಬಿಟ್ಟೆವು. ಹೊಸ ಫೋಲ್ಡರು ಮಾಡಿಕೊಡುವ ಸೌಲಭ್ಯವನ್ನು ಸಿಸ್ಟಂಗಳಿಂದ ತೆಗೆದೆವು. ಬೂಟ್ ಆಗುವಾಗಲೇ ಮೌಂಟ್ ಮಾಡುವುದನ್ನು ಬಿಟ್ಟು, ಮಗು ಲಾಗಿನ್ ಆಗಿ ಫೋಲ್ಡರು ಕೇಳಿದಾಗ ತರುವ ಆಟೋಎಫ್‌ಎಸ್ ಹಾಕಿದೆವು. ಅಡಿಯ ಆ ಖಾಲಿ ಫೋಲ್ಡರಿಗೆ ಚಾಟ್ಟರ್ ಎಂಬ ಕಮ್ಯಾಂಡಿನಿಂದ ಬೀಗ ಹಾಕಿದೆವು, ಎಲ್ಲ ಅಧಿಕಾರವೂ ಇರುವ ರೂಟ್ ಆದರೂ ಅದರಲ್ಲಿ ಒಂದಕ್ಷರ ಬರೆಯದ ಹಾಗೆ. ಇನ್ನು ಮೇಲೆ ಸರ್ವರ್ ಇಲ್ಲದಿದ್ದರೆ ಲಾಗಿನ್ನೇ ನಿಲ್ಲುತ್ತದೆ, ಮಕ್ಕಳು ಕೂಗುತ್ತಾರೆ, ಮೇಡಂ ಎದ್ದು ಬಂದು ನೋಡುತ್ತಾರೆ. ‘ಇದು ಇನ್ನೂ ತೊಂದರೆ ಅಲ್ಲವಾ, ಪೀರಿಯಡ್ಡೇ ಹೋಗುತ್ತಲ್ಲ’ ಎಂದು ಇನ್ನೊಬ್ಬ ಮೇಷ್ಟ್ರು ಕೇಳಿದರು. ಒಂದು ಪೀರಿಯಡ್ ಹೋದರೆ ಹೋಗಲಿ. ಬರೆಯಿಸಿಕೊಂಡು ಎಲ್ಲೋ ಇಟ್ಟುಬಿಡುವ ಯಂತ್ರಕ್ಕಿಂತ, ಬೇಡ ಎಂದು ಎದುರಿಗೇ ಹೇಳುವ ಯಂತ್ರ ಮಕ್ಕಳ ಮಟ್ಟಿಗೆ ಮೇಲು.

ಗೌರಿಬಿದನೂರಿನಲ್ಲಿ ಕಾಡಿದ್ದು ಗಡಿಯಾರ. ಅಲ್ಲಿನ ಶಾಲೆಯಲ್ಲೂ ಡೆಬಿಯನ್ ಎಜು. ಎರಡು ಸಿಸ್ಟಂಗಳಲ್ಲಿ ಮಾತ್ರ ಬೆಳಿಗ್ಗೆ ಲಾಗಿನ್ ಆಗುವುದಿಲ್ಲ, ಪೀರಿಯಡ್ ಮುಗಿಯುವ ಹೊತ್ತಿಗೆ ತಾನಾಗಿಯೇ ಆಗುತ್ತದೆ. ಅವೆರಡರ ಮದರ್‌ಬೋರ್ಡಿನ ಸೆಲ್ಲು, ರೂಪಾಯಿ ನಾಣ್ಯದಗಲದ ಸಿಆರ್ 2032, ಸತ್ತುಹೋಗಿತ್ತು. ಕರೆಂಟು ಹೋದಾಗಲೆಲ್ಲ ಅವುಗಳ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿತ್ತು. ಲಾಗಿನ್ ಪರೀಕ್ಷಿಸುವ ಕೆರ್ಬೆರೋಸ್ ಸರ್ವರಿನ ಗಡಿಯಾರಕ್ಕೂ ಸಿಸ್ಟಮ್ಮಿನದಕ್ಕೂ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಲಾಗಿನ್ ಆದವರಿಗೆ ಅದು ಕೊಟ್ಟ ಹಳೆಯ ಚೀಟಿಯನ್ನು ಕದ್ದು ಮತ್ತೆ ಬಳಸುವವರನ್ನು ತಡೆಯಲು ಆ ಕಟ್ಟುನಿಟ್ಟು. ಸಿಸ್ಟಂ ಆಮೇಲೆ ನಿಧಾನವಾಗಿ ಸರ್ವರನ್ನು ಕೇಳಿ ಸಮಯ ಸರಿಮಾಡಿಕೊಂಡಾಗ ಬಾಗಿಲು ತೆರೆಯುತ್ತಿತ್ತು. ಸಮಯದ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಊರು ಸಿಗಲಾರದು. ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಕೇಂದ್ರವಿದೆ. ನೆಲದ ಒಂದೇ ಕಂಪನ ಬೇರೆ ಬೇರೆ ಉಪಕರಣಗಳಿಗೆ ಯಾವ ಕ್ಷಣ ತಲುಪಿತು ಎಂಬ ಸಣ್ಣ ಅಂತರದಿಂದ ಅದು ಬಂದ ದಿಕ್ಕನ್ನು ಅಲ್ಲಿ ಲೆಕ್ಕ ಹಾಕುತ್ತಾರೆ. ವಿಜ್ಞಾನದ ಮೇಷ್ಟ್ರು ಸೆಲ್ಲು ಬದಲಾಯಿಸುವುದನ್ನು ಮಕ್ಕಳ ಕೈಯಲ್ಲೇ ಮಾಡಿಸಿದರು. ತಾರೀಕು ತಪ್ಪಿದರೆ ಫೋಲ್ಡರು ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಯಿಂದ ಶುರುಮಾಡಿ ಭೂಕಂಪದ ಅಲೆಗಳವರೆಗೆ ಅವರು ಹೇಳಿದ ಪಾಠವನ್ನು ನಾನೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ವಿಚಾರವಾದಿ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕಿನಲ್ಲಿ ಪ್ರಶ್ನೆ ಕೇಳುವುದನ್ನು ಮಕ್ಕಳಿಗೆ ಪ್ರೀತಿಯಿಂದ ಕಲಿಸುವ ಮೇಷ್ಟ್ರುಗಳು ಇನ್ನೂ ಇದ್ದಾರೆ.

ಚಿಂತಾಮಣಿಯ ಶಾಲೆಯಲ್ಲಿ ಜೂನ್ ತಿಂಗಳ ತೊಂದರೆ. ಹೊಸ ಶಾಲಾ ವರ್ಷ ಶುರುವಾಗುವಾಗ ಹಳೆಯ ಹೆಸರುಗಳನ್ನೆಲ್ಲ ತೆಗೆದು, ಹಾಜರಿ ಪುಸ್ತಕ ನೋಡಿ ಹೊಸದಾಗಿ ಸೇರಿಸಿದ್ದರು. ಮಕ್ಕಳ ಫೋಲ್ಡರುಗಳನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಮರುದಿನದಿಂದ ಒಬ್ಬರ ಚಿತ್ರ ಇನ್ನೊಬ್ಬರ ಕೈಗೆ ಸಿಗತೊಡಗಿತು. ಕೆಲವರಿಗೆ ತಮ್ಮ ಫೋಲ್ಡರನ್ನೇ ತೆರೆಯಲಾಗುತ್ತಿರಲಿಲ್ಲ. ಲಿನಕ್ಸ್ ಫೈಲಿನ ಮೇಲೆ ಮಗುವಿನ ಹೆಸರು ಬರೆದುಕೊಳ್ಳುವುದಿಲ್ಲ, ಒಂದು ನಂಬರು ಬರೆದುಕೊಳ್ಳುತ್ತದೆ. 1007 ಎಂಬ ನಂಬರು ಹೋದ ವರ್ಷ ಯಾರದ್ದಾಗಿತ್ತೋ ಅವರ ಫೈಲುಗಳೆಲ್ಲ ಈ ವರ್ಷ ಆ ನಂಬರು ಸಿಕ್ಕಿದವರ ಪಾಲು. ಎನ್‌ಎಫ್‌ಎಸ್ ಕೂಡ ಆ ನಂಬರನ್ನೇ ನಂಬಿ ಬಾಗಿಲು ತೆಗೆಯುತ್ತದೆ.

ಪರಿಹಾರ ಶಾಲೆಯ ಕಚೇರಿಯಲ್ಲೇ ಇತ್ತು. ದಾಖಲಾತಿ ವಹಿಯಲ್ಲಿ ಪ್ರತಿ ಮಗುವಿಗೂ ಒಂದು ದಾಖಲಾತಿ ಸಂಖ್ಯೆ ಇರುತ್ತದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ, ಮಗು ಶಾಲೆ ಬಿಟ್ಟು ಎಷ್ಟು ವರ್ಷವಾದರೂ ಟಿಸಿ ತೆಗೆಯುವುದು ಅದರ ಮೇಲೆಯೇ. ಆ ಸಂಖ್ಯೆಗೆ 10000 ಕೂಡಿಸಿ ಅದನ್ನೇ ಲಿನಕ್ಸಿನ ನಂಬರು ಮಾಡಿದೆವು. ಹಳೆಯ ಫೋಲ್ಡರುಗಳನ್ನು ಹೆಸರು ನೋಡಿ ಒಂದೊಂದಾಗಿ ಅವರವರಿಗೆ ಒಪ್ಪಿಸಿದೆವು. ದಾಖಲಾತಿ ವಹಿ ನೋಡಿಕೊಳ್ಳುತ್ತಿದ್ದ ಗುಮಾಸ್ತರು ಮೊದಲು ಅನುಮಾನದಿಂದಲೇ ಪಕ್ಕದಲ್ಲಿ ನಿಂತಿದ್ದರು. ಅರ್ಧ ದಾರಿಯಲ್ಲಿ ಕುರ್ಚಿ ಎಳೆದುಕೊಂಡು ಕೂತು, ವಹಿ ತೊಡೆಯ ಮೇಲಿಟ್ಟುಕೊಂಡು ತಾವೇ ಸಂಖ್ಯೆ ಓದತೊಡಗಿದರು. ಇಬ್ಬರಿಗೆ ಒಂದೇ ಹೆಸರು, ಒಂದೇ ಇನಿಷಿಯಲ್ ಇದ್ದ ಕಡೆ ಯಾರು ಯಾವ ಊರಿನ ಮಗು ಎಂದು ಹೇಳಿ ಬಿಡಿಸಿಕೊಟ್ಟದ್ದೂ ಅವರೇ.

ಹತ್ತನೇ ಕ್ಲಾಸಿನ ಮಕ್ಕಳು ಹೋಗುವಾಗ ಅವರ ಫೋಲ್ಡರನ್ನು ಏನು ಮಾಡುವುದು ಎಂಬ ಮಾತು ಎದ್ದದ್ದು ಅಲ್ಲೇ. ಜಾಗ ಬೇಕು, ಅಳಿಸಿಬಿಡೋಣ ಎಂದರು ಒಬ್ಬರು. ಗುಮಾಸ್ತರು ಒಪ್ಪಲಿಲ್ಲ. ‘ಟಿಸಿ ತಗೊಳ್ಳೋಕೆ ಬಂದಾಗ ಅವರದ್ದು ಅವರಿಗೆ ಕೊಡಿ ಸಾರ್. ಅವರು ಬರೆದದ್ದು ತಾನೇ?’ ಅಂದಿನಿಂದ ಅದೇ ಪದ್ಧತಿಯಾಯಿತು. ಪೆನ್‌ಡ್ರೈವ್ ತಂದವರಿಗೆ ಅದರಲ್ಲಿ, ಇಲ್ಲದವರಿಗೆ ಶಾಲೆಯ ಖರ್ಚಿನಲ್ಲಿ ಸಿಡಿಗೆ ಹಾಕಿಕೊಟ್ಟರು. ಸಿಡಿಯ ಮೇಲೆ ದಾಖಲಾತಿ ಸಂಖ್ಯೆ, ಹೆಸರು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗು ಸಿಡಿ ತೆಗೆದುಕೊಂಡು ಏನು ಮಾಡುತ್ತದೆ ಎಂದು ಕೇಳಿದವರೂ ಇದ್ದರು. ಹಾಗಾಗಿ ಸರ್ವರಿನಲ್ಲೂ ಒಂದು ಪ್ರತಿ ಉಳಿಸಿ, ಲಾಗಿನ್ ಮಾತ್ರ ಮುಚ್ಚಿದೆವು. ಮುಂದಿನ ವರ್ಷ ಪಿಯುಸಿಗೆ ಸೇರಿದ್ದ ಇಬ್ಬರು ಸಿಡಿ ಓದುತ್ತಿಲ್ಲ ಎಂದು ಶಾಲೆಗೆ ಬಂದರಂತೆ. ವಿಜ್ಞಾನದ ಮೇಷ್ಟ್ರು ವಹಿಯಲ್ಲಿ ಸಂಖ್ಯೆ ನೋಡಿ, ಸರ್ವರಿನಿಂದ ಫೋಲ್ಡರು ತೆಗೆದು ಕೊಟ್ಟು ಕಳಿಸಿದ್ದರು. ನನಗೆ ಅದು ತಿಳಿದದ್ದು ಎಷ್ಟೋ ದಿನದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ.